ನಾಡಿ ನೋಡುವ ವಾಚ್ ಕೊಳ್ಳುವ ಮುನ್ನ ನಿಮ್ಮ ನಾಡಿ ನೀವೇ ಎಣಿಸಿ

ನಮ್ಮ ಅಪ್ಪನಿಗೆ 67 ವರ್ಷ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತಾರೆ. 2025ರ ಜೂನ್, ಜುಲೈನಲ್ಲಿ ಹಾಸನದ ಕಡೆಯಿಂದ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತಲ್ಲ, ಆಗ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಆ ಗಾಬರಿಯಲ್ಲಿ ನಾನೂ ಆನ್‌ಲೈನ್‌ನಲ್ಲಿ ಒಂದು ವಾಚ್ ತರಿಸಿ ಅಪ್ಪನ ಕೈಗೆ ಕಟ್ಟಿದೆ. ಬೆಲೆ ಎರಡು ಸಾವಿರದೊಳಗೆ. ವಾರದ ಮೇಲೆ ಒಂದು ದಿನ ಅಪ್ಪ ಸ್ನಾನಕ್ಕೆ ಹೋಗುವಾಗ ವಾಚ್ ಬಿಚ್ಚಿ ಊಟದ ಮೇಜಿನ ಮೇಲಿಟ್ಟರು. ಕೋಸಂಬರಿಗೆಂದು ತೆಗೆದಿಟ್ಟಿದ್ದ ಸೌತೆಕಾಯಿಗೆ ಅದು ಒರಗಿಕೊಂಡಿತ್ತು. ಸ್ನಾನ ಮುಗಿಸಿ ಬಂದು ನೋಡಿದರೆ ಎದೆಬಡಿತ 78 ಅಂತ ತೋರಿಸುತ್ತಿದೆ. ‘ಇದನ್ನ ನಂಬ್ಕೊಂಡು ನಾನು ನಡೀಬೇಕೇನಮ್ಮ?’ ಅಂತ ಕೇಳಿದರು.

ಆ ಮಾತು ನನಗೆ ನಾಟಿತು. ಎರಡನೇ ಸಲ ಅವಸರ ಮಾಡಲಿಲ್ಲ. ಆಗ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

1. ಬೇಕಾದ್ದು ಏನು, ಚೀಟಿಯಲ್ಲಿ ಬರೆಯಿರಿ

ದಿನಾ ನಡೆಯುವವರಿಗೆ ಬೇಕಾದ್ದು ಮೂರೇ ಮೂರು: ಎಷ್ಟು ಹೆಜ್ಜೆ, ಎಷ್ಟು ಹೊತ್ತು, ಎದೆಬಡಿತ ಎಷ್ಟು. ಡಬ್ಬಿಯ ಮೇಲೆ ನೂರು ಬಗೆಯ ಆಟ, ನೂರು ಬಗೆಯ ಮುಖಪುಟ ಅಂತ ಬರೆದಿರುತ್ತಾರೆ. ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಇನ್ನು ‘ಶುಗರ್ ನೋಡುತ್ತದೆ’ ಅಂತ ಬರೆದಿದ್ದರೆ ಆ ವಾಚನ್ನು ಅಲ್ಲೇ ಬಿಟ್ಟುಬಿಡಿ. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುತ್ತೇನೆ ಎನ್ನುವ ಯಾವ ವಾಚಿಗೂ, ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಜನರನ್ನು ಎಚ್ಚರಿಸಿದೆ. ಅದು ತೋರಿಸಿದ ಅಂಕಿ ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಜೀವಕ್ಕೇ ಅಪಾಯ. ಬಿಪಿಯ ಮಾತೂ ಸುಲಭವಲ್ಲ. ಬಿಪಿ ತೋರಿಸುವ ಸ್ಯಾಮ್‌ಸಂಗ್ ವಾಚನ್ನು ಕೂಡ 28 ದಿನಕ್ಕೊಮ್ಮೆ ತೋಳಿಗೆ ಪಟ್ಟಿ ಸುತ್ತುವ ಮಾಮೂಲಿ ಬಿಪಿ ಮೆಷಿನ್ ಜೊತೆ ಹೋಲಿಸಿ ಸರಿಮಾಡಿಕೊಳ್ಳಬೇಕು. ಅಂದಮೇಲೆ ಮೆಷಿನ್ ಹೇಗೂ ಮನೆಯಲ್ಲಿ ಬೇಕೇ ಬೇಕು. ಆ ದುಡ್ಡಿಗೆ ಒಂದು ಒಳ್ಳೆಯ ಬಿಪಿ ಮೆಷಿನ್ನನ್ನೇ ತನ್ನಿ ಎನ್ನುವುದು ನನ್ನ ಮಾತು.

2. ಅದು ಹೇಗೆ ಎಣಿಸುತ್ತದೆ, ಒಮ್ಮೆ ತಿಳಿದುಕೊಳ್ಳಿ

ವಾಚ್ ತಿರುಗಿಸಿ ನೋಡಿ. ಹಿಂಭಾಗದಲ್ಲಿ ಹಸಿರು ದೀಪ ಮಿಣುಕುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ರಕ್ತ ನುಗ್ಗಿದಾಗ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ, ಬಡಿತದ ನಡುವೆ ಮತ್ತೆ ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸಿ ವಾಚ್ ಲೆಕ್ಕ ಕೊಡುತ್ತದೆ. ಅಂದರೆ ಅದು ನೋಡುತ್ತಿರುವುದು ಹೃದಯವನ್ನಲ್ಲ, ಚರ್ಮದ ಕೆಳಗೆ ಬೆಳಕಿನ ಆಟವನ್ನು.

ಇದು ಗೊತ್ತಿದ್ದರೆ ವಾಚ್ ಎಲ್ಲಿ ತಪ್ಪುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಪಟ್ಟಿ ಸಡಿಲವಿದ್ದರೆ ಹೊರಗಿನ ಬೆಳಕು ಒಳಗೆ ಬರುತ್ತದೆ. ಚಳಿಗೆ ಕೈ ತಣ್ಣಗಾದರೆ ಚರ್ಮದಲ್ಲಿ ರಕ್ತದ ಓಟ ಕಡಿಮೆ. ಮಣಿಕಟ್ಟಿನಲ್ಲಿ ಹಚ್ಚೆ ಇದ್ದರೆ ಬೆಳಕಿಗೆ ಅಡ್ಡ. ಎಲ್ಲಕ್ಕಿಂತ ದೊಡ್ಡ ತೊಂದರೆ ಕೈ ಬೀಸುವುದು. ಬೇಗ ಬೇಗ ನಡೆಯುವಾಗ ಕೆಲವು ವಾಚುಗಳು ಬಡಿತದ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತವೆ. ನಿಮಿಷಕ್ಕೆ 110 ಹೆಜ್ಜೆ ಹಾಕುತ್ತಿದ್ದೀರಿ, ಎದೆಬಡಿತವೂ 110 ಅಂತ ಅಂಟಿಕೊಂಡು ಕೂತಿದೆ ಅಂದರೆ ಅನುಮಾನ ಪಡಿ.

ಎದೆಗೆ ಕಟ್ಟುವ ಬೆಲ್ಟ್ ಬೇರೆ ದಾರಿ ಹಿಡಿಯುತ್ತದೆ. ಅದು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ಇಸಿಜಿಯ ಹಾಗೆ. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದಲ್ಲೇ ಇಂಥದ್ದನ್ನು ಓಟಗಾರರಿಗೆ ಕೊಟ್ಟಿತ್ತು. ‘ಇಷ್ಟರ ಮೇಲೆ ಬಡಿತ ಹೋಗಬಾರದು’ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದರೆ ವಾಚ್ ಒಂದನ್ನೇ ನೆಚ್ಚಬೇಡಿ. ಬೆಲ್ಟೂ ಇರಲಿ.

3. ಅಂಗಡಿಯಲ್ಲೇ ಬೆರಳಿನ ಪರೀಕ್ಷೆ ಮಾಡಿ

ನಾನು ತುಂಬ ನೆಚ್ಚುವುದು ಇದನ್ನೇ. ಹತ್ತು ನಿಮಿಷ ಸುಮ್ನೆ ಕುಳಿತುಕೊಳ್ಳಿ. ವಾಚ್ ಎಡಗೈಯಲ್ಲಿದ್ದರೆ ಬಲಗೈ ನಾಡಿ ಹಿಡಿಯಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಟ್ಟು ಮೆಲ್ಲಗೆ ಒತ್ತಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದರದ್ದೇ ಮಿಡಿತ ಕೈಗೆ ಸಿಕ್ಕಿ ಲೆಕ್ಕ ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ವಾಚಿಗೂ ನಿಮಗೂ ಐದರೊಳಗೆ ವ್ಯತ್ಯಾಸ ಬಂದರೆ ಸರಿ. ಬೆರಳಿಗೆ ಸಿಗದಿದ್ದರೆ ಕೊರೊನಾ ಕಾಲದಲ್ಲಿ ತಂದ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿ ಎಲ್ಲೋ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಜೊತೆಗೆ ಒಯ್ಯಿರಿ.

ಕುಳಿತಾಗ ಸರಿಯಾಗಿ ತೋರಿಸುವುದು ದೊಡ್ಡ ಮಾತಲ್ಲ, ಅಗ್ಗದ ವಾಚೂ ತೋರಿಸೀತು. ಆದ್ದರಿಂದ ಮೈಗೆ ಒಪ್ಪುವವರು ಎರಡು ಮಹಡಿ ಮೆಟ್ಟಿಲು ಹತ್ತಿ. ಹತ್ತುತ್ತಿದ್ದಂತೆ ಅಂಕಿ ಏರಬೇಕು. ನಿಂತ ಮೇಲೆ ಒಂದೆರಡು ನಿಮಿಷದಲ್ಲಿ ಇಳಿಯುತ್ತಾ ಬರಬೇಕು. ಏರದೆ 75ರಲ್ಲೇ ನಿಂತಿದ್ದರೆ, ಇಲ್ಲ ನೀವು ಮೇಲೆ ಹೋಗಿ ಕುಳಿತ ಮೇಲೆ ಅದು ಏರತೊಡಗಿದರೆ, ಆ ವಾಚ್ ಬೇಡ. ನಾವು ಇದನ್ನು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಮಾಡಿದೆವು. ದೊಡ್ಡ ನಂದಿಯವರೆಗೂ ಹೋಗಲಿಲ್ಲ, ಮೊದಲ ಐವತ್ತು ಮೆಟ್ಟಿಲಿಗೇ ಗೊತ್ತಾಯಿತು.

ಮೇಜಿನ ಪರೀಕ್ಷೆಯನ್ನೂ ಮಾಡಿ. ವಾಚ್ ಬಿಚ್ಚಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅಂಕಿ ನಿಲ್ಲಬೇಕು. ಆದರೆ ಬೆಳಕನ್ನು ಹಿಂದಕ್ಕೆ ಕಳಿಸುವ ಹಣ್ಣು ತರಕಾರಿ ತಾಗಿದರೆ ಒಳ್ಳೆಯ ವಾಚೂ ಕೆಲವು ಸಲ ಮೋಸ ಹೋಗುತ್ತದೆ. ಹಾಗಾಗಿ ಇದೊಂದರಿಂದಲೇ ತೀರ್ಮಾನ ಬೇಡ. ನಮ್ಮ ಮೊದಲ ವಾಚ್ ಮೆಟ್ಟಿಲಲ್ಲೂ ಸೋತಿತ್ತು, ಅದಕ್ಕೇ ಕೈಬಿಟ್ಟೆವು.

4. ಹೆಜ್ಜೆಯ ಲೆಕ್ಕ

ಬಾಯಲ್ಲಿ ಎಣಿಸುತ್ತಾ 200 ಹೆಜ್ಜೆ ಹಾಕಿ. 190ರಿಂದ 210ರೊಳಗೆ ತೋರಿಸಿದರೆ ನಡೆಯುತ್ತದೆ. ಎರಡು ಹೆಜ್ಜೆ ಇಟ್ಟ ಕೂಡಲೇ ಅಂಕಿ ಬದಲಾಗಲಿಲ್ಲ ಅಂತ ಬೇಸರ ಬೇಡ. ಸುಮ್ಮನೆ ಕೈ ಆಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಎಷ್ಟೋ ವಾಚುಗಳು ಮೊದಲ ಹತ್ತು ಹೆಜ್ಜೆ ಕಾದು ಆಮೇಲೆ ಸೇರಿಸುತ್ತವೆ.

ಈಗ ನೀವು ನಿಜವಾಗಿ ಹೇಗೆ ನಡೆಯುತ್ತೀರೋ ಹಾಗೆ ನಡೆಯಿರಿ. ಇದು ಮುಖ್ಯ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ಅಪ್ಪನೂ ಹಾಗೇ. ವಾಚ್ ಹೆಜ್ಜೆ ಹಿಡಿಯುವುದು ಕೈಯ ಅಲುಗಾಟದಿಂದ. ಕೈ ಕಟ್ಟಿದರೆ, ಕೊಡೆ ಹಿಡಿದರೆ, ತರಕಾರಿ ಚೀಲ ತೂಗಿಕೊಂಡರೆ ಲೆಕ್ಕ ತಗ್ಗುತ್ತದೆ. ಬಟ್ಟೆ ಕುಕ್ಕಿದರೆ, ಚಪಾತಿ ಲಟ್ಟಿಸಿದರೆ, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಹೆಚ್ಚಬಹುದು. ಅಪ್ಪ ಕೈ ಕಟ್ಟಿ ನಡೆದಾಗ ಯಾವ ವಾಚ್ ಹೆಚ್ಚು ಹತ್ತಿರ ಬಂತೋ ಅದನ್ನೇ ಆರಿಸಿದೆವು.

ಅಂದ ಹಾಗೆ, ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿಯ ಹಿಂದೆ ಬೀಳಬೇಡಿ. ಅದನ್ನು ಜನಪ್ರಿಯ ಮಾಡಿದ್ದು ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಮಾರಾಟಕ್ಕೆ ಬಿಟ್ಟ ‘ಮಾನ್ಪೋಕೆ’. ಹತ್ತು ಸಾವಿರ ಹೆಜ್ಜೆ ಅಳೆಯುವ ಯಂತ್ರ ಅಂತ ಅದರ ಅರ್ಥ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ಹೆಜ್ಜೆಯ ಲೆಕ್ಕವಲ್ಲ, ಹೊತ್ತಿನ ಲೆಕ್ಕ: ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಉಸಿರು ಏರುವಂಥ ನಡಿಗೆ. ಇದನ್ನು ತೋರಿಸುವ ವಾಚ್ ಇದ್ದರೆ ಒಳ್ಳೆಯದು.

5. ದೂರ ಮತ್ತು ಜಿಪಿಎಸ್

ಕೆಲವು ವಾಚಿನಲ್ಲೇ ಜಿಪಿಎಸ್ ಇರುತ್ತದೆ. ಇನ್ನು ಕೆಲವು ಜೇಬಿನಲ್ಲಿರುವ ಫೋನಿನ ಜಿಪಿಎಸ್ ಬಳಸುತ್ತವೆ. ನೀವು ಫೋನ್ ಇಟ್ಟುಕೊಂಡೇ ನಡೆಯುವವರಾದರೆ ಎರಡನೆಯದು ಸಾಕು, ದುಡ್ಡು ಉಳಿಯುತ್ತದೆ. ಪರೀಕ್ಷೆಗೆ ನಿಮ್ಮೂರಿನ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್ ಇದೆ. ಎಲ್ಲಕ್ಕಿಂತ ಒಳಗಿನ ಲೇನಿನಲ್ಲಿ ಐದು ಸುತ್ತು ಹಾಕಿದರೆ 2 ಕಿಲೋಮೀಟರ್. ಎಂಟನೇ ಲೇನಿನಲ್ಲಿ ಒಂದು ಸುತ್ತೇ 450 ಮೀಟರ್ ದಾಟುತ್ತದೆ, ಅದನ್ನು ಮರೆಯಬೇಡಿ.

6. ಕ್ಯಾಲೊರಿ ಅಂಕಿ ನೋಡಿ ಊಟ ಲೆಕ್ಕ ಹಾಕಬೇಡಿ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ಕೈವಾಚುಗಳನ್ನು ಪರೀಕ್ಷಿಸಿದ್ದರು. ಆರು ವಾಚುಗಳಲ್ಲಿ ಎದೆಬಡಿತದ ತಪ್ಪು ಶೇ 5ರೊಳಗೆ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ವಾಚೇ ಸರಾಸರಿ ಶೇ 27ರಷ್ಟು ತಪ್ಪಿತ್ತು. ‘300 ಕ್ಯಾಲೊರಿ ಕರಗಿತು’ ಅಂತ ಕಂಡರೆ ಆ ಸಾಲನ್ನು ಬಿಟ್ಟು ಓದಿ.

7. ಬಿಲ್ಲು, ಆ್ಯಪ್, ಬ್ಯಾಟರಿ

ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ. ಅದು ನಿಜವೋ ಸುಳ್ಳೋ ಅಂತ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಿಳಿಯಬಹುದು. ಇದು ವಿದ್ಯುತ್ ಸುರಕ್ಷತೆಯ ಗುರುತು, ನಾಡಿ ಸರಿಯಾಗಿ ತೋರಿಸುತ್ತದೆ ಎನ್ನುವುದಕ್ಕೆ ಸಾಕ್ಷಿ ಅಲ್ಲ. ನಿಮ್ಮೂರಿನಲ್ಲಿ ಸರ್ವಿಸ್ ಸೆಂಟರ್ ಇದೆಯಾ, ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ, ದುಡ್ಡು ವಾಪಸ್ಸಾ ಬರೀ ಬದಲಾವಣೆಯಾ ಅಂತ ಮೊದಲೇ ಕೇಳಿ. ನಮ್ಮ ಮೊದಲ ವಾಚಿನ ಮಾರಾಟಗಾರರು ಬದಲಿಸಿ ಕೊಡುತ್ತೇವೆ, ದುಡ್ಡು ಕೊಡುವುದಿಲ್ಲ ಅಂದರು. ಕೊಳ್ಳುವಾಗ ನಾನದನ್ನು ಓದಿರಲಿಲ್ಲ. ಜಗಳ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಅಪ್ಪ ವರ್ಷಗಟ್ಟಲೆ ಎಚ್‌ಎಂಟಿ ವಾಚಿಗೆ ದಿನಾ ಕೀ ಕೊಟ್ಟವರು. ಆದರೂ ದಿನಾ ಚಾರ್ಜ್ ಹಾಕುವುದು ಅವರಿಗೆ ಒಗ್ಗಲಿಲ್ಲ. ವಯಸ್ಸಾದವರಿಗೆ ವಾರವಾದರೂ ಬಾಳುವ ಬ್ಯಾಟರಿ, ಬಿಸಿಲಲ್ಲೂ ಕಾಣುವ ದೊಡ್ಡ ಅಂಕಿ, ಹಗುರ ತೂಕ ಇರಲಿ. ಆ್ಯಪ್ ನಿಮ್ಮ ಫೋನಿನಲ್ಲಿ ಓಡುತ್ತದೆಯೇ ಅಂತ ಅಂಗಡಿಯಲ್ಲೇ ಹಾಕಿ ನೋಡಿ.

8. ಕಟ್ಟಿದ ಮೇಲೆ

ಮಣಿಕಟ್ಟಿನ ಉಬ್ಬು ಮೂಳೆಗಿಂತ ಒಂದು ಬೆರಳು ಮೇಲಕ್ಕೆ ಕಟ್ಟಿ. ಕೈ ಬೀಸಿದರೆ ಜಾರಬಾರದು, ಚರ್ಮಕ್ಕೆ ಒತ್ತಿ ಗೆರೆಯೂ ಬೀಳಬಾರದು. ನಡೆಯಲು ಹೊರಡುವಾಗ ವಾಚಿನಲ್ಲಿ ‘ವಾಕಿಂಗ್’ ಒತ್ತಿ ಶುರುಮಾಡಿ. ಇಲ್ಲದಿದ್ದರೆ ಬ್ಯಾಟರಿ ಉಳಿಸಲು ಕೆಲವು ವಾಚುಗಳು ಹಲವು ನಿಮಿಷಕ್ಕೊಮ್ಮೆ ಮಾತ್ರ ಬಡಿತ ನೋಡುತ್ತವೆ. ಮನೆಗೆ ಬಂದು ಪಟ್ಟಿ ತೊಳೆದು ಒರೆಸಿ, ಬೆವರಿಗೆ ಚರ್ಮ ಕೆರೆಯುತ್ತದೆ.

ಬಡಿತ ಯಾವ ಮಟ್ಟದಲ್ಲಿದೆ ಅಂತ ವಾಚಿನ ಪರದೆ ತೋರಿಸುವ ಬಣ್ಣಬಣ್ಣದ ಗೆರೆಗಳ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎಷ್ಟೋ ವಾಚುಗಳು 220ರಲ್ಲಿ ವಯಸ್ಸು ಕಳೆದು ಗರಿಷ್ಠ ಬಡಿತ ಇಷ್ಟು ಅಂತ ಇಟ್ಟುಕೊಳ್ಳುತ್ತವೆ. ಅಪ್ಪನಿಗೆ ಅದು 153. ಮಧ್ಯಮ ನಡಿಗೆಗೆ ಅದರ ಶೇ 50ರಿಂದ 70, ಅಂದರೆ ಹೆಚ್ಚುಕಡಿಮೆ 77ರಿಂದ 107. ಆದರೆ ಅಪ್ಪ ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಬೀಟಾ ಬ್ಲಾಕರ್ ಜಾತಿಯ ಈ ಮಾತ್ರೆಗಳು ಬಡಿತವನ್ನು ಹೆಚ್ಚು ಏರಲು ಬಿಡುವುದಿಲ್ಲ. ಅದು ವಾಚಿಗೆ ಹೇಗೆ ಗೊತ್ತಾಗಬೇಕು? ‘ಇನ್ನೂ ಜೋರಾಗಿ’ ಅಂತ ನಡುಗಿ ನಡುಗಿ ಹೇಳುತ್ತಿತ್ತು. ಅದನ್ನು ಕೇಳಿ ಅಪ್ಪ ಒಂದು ದಿನ ಜೋರಾಗಿ ನಡೆದು, ತಲೆ ಸುತ್ತಿ, ಕೆರೆ ದಂಡೆಯ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟರು. ಡಾಕ್ಟರು ಹೇಳಿದ್ದು ಇಷ್ಟು: ‘ಆ ಲೆಕ್ಕ ನಿಮಗಲ್ಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.’ ಹೃದಯದ ಮಾತ್ರೆ ನುಂಗುವವರೆಲ್ಲ ತಮಗೆ ಸರಿಯಾದ ಅಂಕಿ ಯಾವುದು ಅಂತ ಡಾಕ್ಟರನ್ನೇ ಕೇಳಿ, ಅದನ್ನೇ ವಾಚಿನಲ್ಲಿ ಹಾಕಿಕೊಳ್ಳಿ. ಪೇಸ್‌ಮೇಕರ್ ಇರುವವರು ದೇಹದ ಕೊಬ್ಬು ಅಳೆಯುವ ಸೌಲಭ್ಯವನ್ನು ಬಳಸಬಾರದು.

ಇನ್ನೊಂದು ವಿಷಯ. ಇಸಿಜಿ ಇರುವ ದುಬಾರಿ ವಾಚು ಬಡಿತದ ತಾಳ ತಪ್ಪುವ ಒಂದು ಬಗೆಯ ಕಾಯಿಲೆಯ ಸುಳಿವು ಕೊಡಬಲ್ಲದು. ಹೃದಯಾಘಾತವನ್ನು ಅದು ಹಿಡಿಯಲಾರದು, ಆ್ಯಪಲ್ ಕಂಪನಿಯೇ ಇದನ್ನು ಹೇಳುತ್ತದೆ. ಎದೆ ಹಿಂಡಿದಂತಾಗಿ, ಎಡತೋಳು, ದವಡೆ ನೋಯುತ್ತಿದ್ದರೆ, ತಣ್ಣನೆ ಬೆವರು ಬರುತ್ತಿದ್ದರೆ, ವಾಚಿನಲ್ಲಿ 72 ಇದ್ದರೂ ಸರಿ, ತಡಮಾಡದೆ 108ಕ್ಕೆ ಕರೆ ಮಾಡಿ.

ಈಗ ಅಪ್ಪ ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಹಾಸಿಗೆಯಲ್ಲೇ ಕುಳಿತು ವಾಚಿನ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಪ್ರತಿ ತಿಂಗಳ ಒಂದನೇ ತಾರೀಕು ಬೆರಳಿಟ್ಟು ಎಣಿಸಿ, ಎರಡನ್ನೂ ಪಕ್ಕಪಕ್ಕ ಬರೆಯುತ್ತಾರೆ. ಕಳೆದ ತಿಂಗಳು ವಾಚಿನದು 62, ಬೆರಳಿನದು 61.