ಉತ್ತರಕ್ಕೆ ಹಾರಿದಾಗ ಮಾತ್ರ ಕಳೆದುಹೋಗುತ್ತಿದ್ದ ಜಿಪಿಎಸ್

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ ನಾವು ನಾಲ್ವರು ಸೇರಿ ಸೆಸ್ನಾ 172 ಎಂಬ ಒಂದು ಹಳೆಯ ಸಣ್ಣ ವಿಮಾನ ಇಟ್ಟುಕೊಂಡಿದ್ದೇವೆ. ಅದರ ಚುಕ್ಕಾಣಿಗೆ ಸಿಕ್ಕಿಸಿದ್ದ ಕೈಯಳತೆಯ ಜಿಪಿಎಸ್ ರಿಸೀವರ್ ಒಂದು ವರ್ಷ ಕಾಲ ನನ್ನ ತಲೆ ತಿಂದಿತು. ಸ್ಯಾಕ್ರಮೆಂಟೋ ಕಣಿವೆಯ ಮೇಲೆ ಉತ್ತರಕ್ಕೆ, ರೆಡ್ಡಿಂಗ್ ಕಡೆಗೆ ಹೊರಟರೆ ಅರ್ಧ ದಾರಿಯಲ್ಲಿ ಪರದೆ ‘ಉಪಗ್ರಹ ಸಿಗುತ್ತಿಲ್ಲ’ ಎನ್ನುತ್ತಿತ್ತು. ಅದೇ ದಾರಿಯಲ್ಲಿ ಮರಳುವಾಗ ಒಮ್ಮೆಯೂ ತಪ್ಪಿದ್ದಿಲ್ಲ. ರಿಸೀವರ್ ಹಾಳಾಗಿದೆ, ಹೊಸದು ತೆಗೆದುಕೊಳ್ಳೋಣ ಎಂದು ಪಾಲುದಾರರು ಹೇಳಿದರು. ಹಾಳಾದ ಯಂತ್ರ ದಿಕ್ಕು ನೋಡಿ ಕೆಡುವುದಿಲ್ಲ ಎಂಬುದು ನನ್ನ ವಾದವಾಗಿತ್ತು.

ಹಾಗಾಗಿ ಖರ್ಚಿಗೆ ಕೈ ಹಾಕುವ ಮೊದಲು ಒಂದು ನೋಟ್‌ಬುಕ್ ಇಟ್ಟೆ. ಸಿಗ್ನಲ್ ಹೋದಾಗಲೆಲ್ಲ ಸಮಯ, ವಿಮಾನದ ಮೂತಿ ಯಾವ ಕಡೆಗಿತ್ತು, ರೇಡಿಯೋದಲ್ಲಿ ಯಾವ ಆವರ್ತನ ಇತ್ತು, ಕ್ಯಾಬಿನ್ನಿನಲ್ಲಿ ಏನೇನು ಚಾಲೂ ಇತ್ತು ಎಂದು ಬರೆದೆ. ಪಕ್ಕದಲ್ಲಿ ಇನ್ನೊಬ್ಬರು ಹಾರಿಸುತ್ತಿದ್ದಾಗ ರಿಸೀವರಿನ ಉಪಗ್ರಹ ಪುಟವನ್ನು, ಅಂದರೆ ಆಕಾಶವನ್ನು ವೃತ್ತವಾಗಿ ತೋರಿಸುವ ಪುಟವನ್ನು, ನೋಡಿಕೊಂಡು ಚಿತ್ರ ಬಿಡಿಸಿದೆ. ಆರು ಚಿತ್ರಗಳಾಗುವಷ್ಟರಲ್ಲಿ ಉತ್ತರ ಕಣ್ಣೆದುರೇ ಇತ್ತು. ವೃತ್ತದ ಉತ್ತರ ಭಾಗದಲ್ಲಿ ಒಂದು ದೊಡ್ಡ ಖಾಲಿ ಜಾಗ ಪ್ರತಿ ಬಾರಿಯೂ ಉಳಿದಿತ್ತು.

ಇದರ ಕಾರಣ ಕಕ್ಷೆಯಲ್ಲಿದೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕಕ್ಕೆ 55 ಡಿಗ್ರಿ ವಾಲಿದ ಕಕ್ಷೆಗಳಲ್ಲಿ ಸುತ್ತುತ್ತವೆ. ಧ್ರುವದ ನೆತ್ತಿಯ ಮೇಲೆ ಅವು ಹೋಗುವುದೇ ಇಲ್ಲ. 37 ಡಿಗ್ರಿ ಅಕ್ಷಾಂಶದಲ್ಲಿರುವ ಸ್ಯಾನ್ ಹೋಸೆಯಿಂದ ನೇರ ಉತ್ತರಕ್ಕೆ ನೋಡಿದರೆ ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರದವರೆಗೂ ಉಪಗ್ರಹವಿಲ್ಲ. ಸೆಸ್ನಾದ ರೆಕ್ಕೆ ತಲೆಯ ಮೇಲಿದೆ, ಚಾವಣಿ ಅಲ್ಯೂಮಿನಿಯಂ. ಚುಕ್ಕಾಣಿಯ ಮೇಲೆ ಕುಳಿತ ರಿಸೀವರಿಗೆ ಕಾಣುವುದು ಮುಂಗಾಜಿನ ಆಚೆಯ ಆಕಾಶದ ತುಂಡು ಮಾತ್ರ. ಮೂತಿ ಉತ್ತರಕ್ಕೆ ತಿರುಗಿದರೆ ಆ ತುಂಡೇ ಬರಿದು. ನಮ್ಮದು ಅಮೆರಿಕದ ಜಿಪಿಎಸ್ ಒಂದನ್ನೇ ಹಿಡಿಯುವ ಹಳೆಯ ಮಾದರಿ. ಹೆಚ್ಚು ವಾಲಿದ ಕಕ್ಷೆಯಲ್ಲಿರುವ ರಷ್ಯಾದ ಗ್ಲೋನಾಸ್ ಉಪಗ್ರಹಗಳ ನೆರವೂ ಅದಕ್ಕೆ ಇರಲಿಲ್ಲ. ಆ ಬಾರಿ ಊರಿಗೆ ಹೋದಾಗ ಜಯನಗರದ ಮನೆಯ ತಾರಸಿಯ ಮೇಲೂ ಅದನ್ನು ಹಚ್ಚಿ ನೋಡಿದೆ. ಬೆಂಗಳೂರು 13 ಡಿಗ್ರಿಯಲ್ಲಿರುವುದರಿಂದ ಅಲ್ಲಿ ಖಾಲಿ ಜಾಗ ಸುಮಾರು 37 ಡಿಗ್ರಿಗೇ ಮುಗಿಯುತ್ತದೆ. ಪರದೆಯ ಮೇಲೆ ಆ ವ್ಯತ್ಯಾಸ ಸ್ಪಷ್ಟವಾಗಿ ಕಂಡಾಗ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸಲು ತುಸು ಕಷ್ಟವೇ ಆಯಿತು.

ಪರಿಹಾರ ಸುಲಭವಿತ್ತು: ತಂತಿಯ ತುದಿಯಲ್ಲಿ ಬಿಲ್ಲೆಯಂತಿರುವ ಹೊರ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡಕ್ಕೆ ಒತ್ತಿ ಇಟ್ಟೆ. ಅಲ್ಲಿಂದ ರೆಕ್ಕೆಯ ಅಂಚನ್ನು ದಾಟಿ ಬಹುಮಟ್ಟಿಗೆ ನೆತ್ತಿಯವರೆಗೆ ಕಾಣುತ್ತದೆ. ಆದರೆ ಎಚ್ಚರ. ಇಂಥ ಬಿಲ್ಲೆಗಳ ತಳದಲ್ಲಿ ಕಾರಿನ ಮೇಲೆ ಅಂಟಿಸಲು ಆಯಸ್ಕಾಂತ ಇರುತ್ತದೆ. ಗಾಜಿನ ಮೇಲಂಚಿನಲ್ಲಿ ತೂಗುವ ದಿಕ್ಸೂಚಿ ಅಲ್ಲೇ ಹತ್ತಿರದಲ್ಲಿದೆ. ಆಂಟೆನಾ ಇಟ್ಟ ಕ್ಷಣ ನನ್ನ ದಿಕ್ಸೂಚಿಯ ಮುಖ ಹೊರಳಿತು. ಜಿಪಿಎಸ್ ಸರಿಪಡಿಸಲು ಹೋಗಿ, ಜಿಪಿಎಸ್ ಕೈಕೊಟ್ಟಾಗ ಕಾಯಬೇಕಾದ ಉಪಕರಣವನ್ನೇ ಕೆಡಿಸುವುದು ಅಕ್ಷಮ್ಯ. ಆಯಸ್ಕಾಂತ ಕಿತ್ತು, ವೆಲ್ಕ್ರೋ ಪಟ್ಟಿಯಿಂದ ಕೂರಿಸಿದೆ. ನಂತರ ಪ್ರತಿ ದಿಕ್ಕಿನಲ್ಲೂ ದಿಕ್ಸೂಚಿಯನ್ನು ತಾಳೆ ನೋಡಿದೆ.

ಉತ್ತರದ ಕಾಟ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಮಾತ್ರ ದಿಕ್ಕಿಗೆ ಸಂಬಂಧವಿಲ್ಲದ ಕೆಲವು ದಾಖಲೆಗಳು ಉಳಿದುಕೊಂಡವು. ಒಂದೆರಡಕ್ಕೆ ಸಿಗರೇಟ್ ಲೈಟರ್ ಕಿಂಡಿಗೆ ಸಿಕ್ಕಿಸಿದ್ದ ಅಗ್ಗದ ಯುಎಸ್‌ಬಿ ಚಾರ್ಜರ್ ಕಾರಣ. ಅದನ್ನು ಕಿತ್ತರೆ ಸಿಗ್ನಲ್ ಪಟ್ಟಿಗಳು ಮೇಲೇಳುತ್ತಿದ್ದವು, ಅಷ್ಟೇ. ಉಳಿದವು ವಿಚಿತ್ರವಾಗಿದ್ದವು. ನಾನು ಮಾತನಾಡಲು ಗುಂಡಿ ಒತ್ತಿದಾಗ ಉಪಗ್ರಹಗಳೆಲ್ಲ ಒಟ್ಟಿಗೆ ಮಾಯವಾಗಿ, ಬಿಟ್ಟ ಕೆಲವು ಸೆಕೆಂಡಿಗೆ ಮರಳುತ್ತಿದ್ದವು. ಅದೂ ಕೆಲವೇ ಆವರ್ತನಗಳಲ್ಲಿ.

ಇಲ್ಲಿ ಲೆಕ್ಕ ನೆರವಿಗೆ ಬಂತು. ಜಿಪಿಎಸ್‌ನ ಎಲ್1 ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿದೆ. ಅದನ್ನು 13ರಿಂದ ಭಾಗಿಸಿದರೆ ಸುಮಾರು 121.19, 12ರಿಂದ ಭಾಗಿಸಿದರೆ ಸುಮಾರು 131.29. ಎರಡೂ ವಿಮಾನದ ಮಾತಿನ ರೇಡಿಯೋದ ಆವರ್ತನ ವ್ಯಾಪ್ತಿಯೊಳಗೇ ಬೀಳುತ್ತವೆ. ಆ ಆವರ್ತನಗಳ ಆಸುಪಾಸಿನಲ್ಲಿ ಮಾತನಾಡಿದರೆ ಅವುಗಳ ಹನ್ನೆರಡನೆಯ ಅಥವಾ ಹದಿಮೂರನೆಯ ಹಾರ್ಮೋನಿಕ್, ಅಂದರೆ ಅಷ್ಟು ಪಟ್ಟು ಆವರ್ತನದ ಮರಿ ಅಲೆ, ನೇರವಾಗಿ ಜಿಪಿಎಸ್ ಮೇಲೆ ಕೂರುತ್ತದೆ. ನೆಲ ಮುಟ್ಟುವ ಉಪಗ್ರಹ ಸಿಗ್ನಲ್ ಒಂದು ವ್ಯಾಟಿನ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟು ಕ್ಷೀಣ. ಎರಡು ಮಾರು ದೂರದಲ್ಲಿ ಹಲವು ವ್ಯಾಟ್ ಉಗುಳುವ ರೇಡಿಯೋದ ಕಸ ಎಷ್ಟೇ ಸಣ್ಣದಾದರೂ ಅದಕ್ಕೆ ಬೆಟ್ಟವೇ.

ಹ್ಯಾಂಗರಿನಿಂದ ಹೊರಗೆ, ತೆರೆದ ಆಕಾಶದಡಿ ವಿಮಾನ ನಿಲ್ಲಿಸಿ ಪರೀಕ್ಷೆ ಮಾಡಿದೆವು. ಮೊದಲು ಕಿವಿಗೊಟ್ಟು ಆವರ್ತನದಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, 121.150, 121.175, 121.200, ಆಮೇಲೆ 131.250, 131.275, 131.300 ಹೀಗೆ ಒಂದೊಂದರಲ್ಲೂ ಗುಂಡಿ ಒತ್ತಿ ಪಟ್ಟಿಗಳನ್ನು ನೋಡಿದೆವು. ವಿಮಾನದಲ್ಲಿರುವ ಎರಡು ಮಾತಿನ ರೇಡಿಯೋಗಳ ಪೈಕಿ ಒಂದನೆಯದರಲ್ಲಿ ಎಲ್ಲ ಕುಸಿದವು, ಎರಡನೆಯದರಲ್ಲಿ ಏನೂ ಆಗಲಿಲ್ಲ. ಹಾಗಾದರೆ ಒಂದನೆಯ ರೇಡಿಯೋ ಕೆಟ್ಟಿದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನಮ್ಮ ವಿಮಾನ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಮಾತ್ರ ಏನೂ ಹೇಳದೆ ಬಾಲದ ಕಡೆಗೆ ಹೋಗಿ, ಇಎಲ್‌ಟಿ ಎಂಬ ತುರ್ತು ಟ್ರಾನ್ಸ್‌ಮಿಟರಿನ ಆಂಟೆನಾ ಕೇಬಲ್ಲನ್ನು ಬಿಚ್ಚಿ, ‘ಈಗ ಒತ್ತಿ’ ಎಂದರು. ಒತ್ತಿದೆ. ಒಂದು ಪಟ್ಟಿಯೂ ಅಲುಗಲಿಲ್ಲ. ಕೇಬಲ್ ಸಿಕ್ಕಿಸಿದರು, ಒತ್ತಿದೆ, ಎಲ್ಲವೂ ನೆಲಕಚ್ಚಿದವು. ನನ್ನ ಕಲಿಕೆಯಲ್ಲೇ ಅತ್ಯಂತ ಸುಂದರವಾದ ಐದು ನಿಮಿಷಗಳು ಅವು.

ಇಎಲ್‌ಟಿ ಕೂಗಬೇಕಾದದ್ದು ಅಪಘಾತವಾದಾಗ. ಸುಮ್ಮನಿರುವಾಗಲೂ ಅದರ ಆಂಟೆನಾ ನಮ್ಮ ಮಾತಿನ ರೇಡಿಯೋದ ಶಕ್ತಿಯನ್ನು ಹೀರುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಆ ಅಲೆಯನ್ನು ವಿರೂಪಗೊಳಿಸುತ್ತದೆ, ಹುಟ್ಟಿದ ಹಾರ್ಮೋನಿಕ್‌ಗಳು ಅದೇ ಆಂಟೆನಾದಿಂದ ಮರಳಿ ಹೊರಬೀಳುತ್ತವೆ. ಒಂದನೆಯ ರೇಡಿಯೋದ ಆಂಟೆನಾ ಅದಕ್ಕೆ ಹತ್ತಿರವಿದ್ದದ್ದು ನಮ್ಮ ದುರದೃಷ್ಟ. ಕೇಬಲ್ಲಿನಲ್ಲಿ 1575.42 ಮೆಗಾಹರ್ಟ್ಸ್ ತಡೆಯುವ ನಾಚ್ ಫಿಲ್ಟರ್ ಹಾಕಬಹುದಿತ್ತು. ಆದರೆ ನಮ್ಮದು 121.5ರಲ್ಲಿ ಮಾತ್ರ ಕೂಗುವ ಹಳೆಯ ಇಎಲ್‌ಟಿ. ಉಪಗ್ರಹಗಳ ಮೂಲಕ ಆ ಆವರ್ತನವನ್ನು ಆಲಿಸುವುದನ್ನು ಅಂತರರಾಷ್ಟ್ರೀಯ ಶೋಧ-ರಕ್ಷಣಾ ವ್ಯವಸ್ಥೆಯಾದ ಕೋಸ್ಪಾಸ್-ಸಾರ್ಸ್ಯಾಟ್ 2009ರ ಫೆಬ್ರವರಿ 1ರಂದೇ ನಿಲ್ಲಿಸಿತ್ತು. ಕಾಡಿನಲ್ಲಿ ಬಿದ್ದರೆ ಕೇಳುವವರಿಲ್ಲದ ಯಂತ್ರಕ್ಕೆ ಫಿಲ್ಟರ್ ತೊಡಿಸುವುದೇಕೆ ಎಂದು ನಾನು ಪಟ್ಟು ಹಿಡಿದೆ. ಪಾಲುದಾರರು ಒಪ್ಪಿದರು. ಮೆಕ್ಯಾನಿಕ್ ಉಪಗ್ರಹಗಳು ಆಲಿಸುವ 406 ಮೆಗಾಹರ್ಟ್ಸ್‌ನ ಹೊಸದನ್ನು ಕೂರಿಸಿ ಲಾಗ್‌ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಆರೂ ಆವರ್ತನಗಳಲ್ಲಿ ಮತ್ತೆ ಪರೀಕ್ಷಿಸಿದೆವು, ಪಟ್ಟಿಗಳು ಕದಲಲಿಲ್ಲ.

ಅದಾದ ಮೇಲೂ ಒಮ್ಮೆ, ಮೊಹಾವೆ ಮರುಭೂಮಿಯ ಕಡೆಗೆ ಹೋಗುವಾಗ, ಪರದೆ ಖಾಲಿಯಾಯಿತು. ಎಂಟು ಸಾವಿರ ಅಡಿ ಎತ್ತರ, ಮೂತಿ ದಕ್ಷಿಣಕ್ಕೆ, ರೇಡಿಯೋ ಮೌನ, ಚಾರ್ಜರ್ ಇಲ್ಲ. ಅಷ್ಟರಲ್ಲಿ ಬೇರೊಂದು ವಿಮಾನದ ಪೈಲಟ್ ತನ್ನ ಜಿಪಿಎಸ್ ಹೋಗಿದೆ ಎಂದು ನಿಯಂತ್ರಕರಿಗೆ ಹೇಳಿದ್ದು ಕೇಳಿಸಿತು. ಚೈನಾ ಲೇಕ್ ನೌಕಾಪಡೆಯ ವಲಯದಲ್ಲಿ ಜಿಪಿಎಸ್ ಅಡಚಣೆಯ ಪರೀಕ್ಷೆ ಇದೆಯೆಂಬ ಸೂಚನೆ ಹೊರಟಿತ್ತು. ಬೆಳಿಗ್ಗೆ ನಾನೇ ಅದನ್ನು ಓದಿ ಮೊಣಕಾಲ ಮೇಲಿನ ಹಲಗೆಗೆ ಸಿಕ್ಕಿಸಿದ್ದೆ. ನೆಲದ ರೇಡಿಯೋ ಕೇಂದ್ರಗಳಿಂದ ದಾರಿ ತೋರಿಸುವ ವಿಓಆರ್ ಸೂಜಿಯನ್ನು ಹಿಡಿದು ಮುಂದೆ ಸಾಗಿದೆ. ಇಳಿದ ಮೇಲೆ ನೋಟ್‌ಬುಕ್ಕಿನಲ್ಲಿ ಸಮಯ, ಎತ್ತರ, ಸ್ಥಳ ಬರೆದು, ಕಾರಣದ ಅಂಕಣದಲ್ಲಿ ‘ನಮ್ಮದಲ್ಲ’ ಎಂದು ಗುರುತು ಹಾಕಿದೆ.