ಉದ್ಯಮಬಾಗದಿಂದ ಬಾಸೆಲ್‌ಗೆ: ನದಿ ನೋಡಿ ರೇಟು ಕೊಟ್ಟದ್ದು

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ರಫ್ತಿನ ಕೆಲಸ ನೋಡುತ್ತೇನೆ. ನಮ್ಮ ಲೆಕ್ಕ ಸಾಮಾನ್ಯವಾಗಿ ಎಫ್‌ಒಬಿ. ಕಂಟೇನರ್ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತಿತೆಂದರೆ ಮುಂದಿನದು ಗಿರಾಕಿಯ ತಲೆನೋವು. ಸ್ವಿಟ್ಜರ್ಲೆಂಡ್‌ನ ಗಿರಾಕಿ ಮಾತ್ರ ಬಾಸೆಲ್ ತನಕ ತಲುಪಿಸುವ ರೇಟು ಕೇಳಿದರು. ಆ ದೇಶಕ್ಕೆ ಸಮುದ್ರವೇ ಇಲ್ಲ ಅಲ್ವಾ?

ದಾರಿ ಹೀಗೆ: ಹಡಗು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ, ಅಲ್ಲಿಂದ ಬಾರ್ಜ್‌ನಲ್ಲಿ, ಅಂದರೆ ಚಪ್ಪಟೆ ತಳದ ಸರಕು ದೋಣಿಯಲ್ಲಿ, ರೈನ್ ನದಿಯ ಮೇಲೆ 800 ಕಿ.ಮೀ.ಗೂ ಜಾಸ್ತಿ. 1868ರ ಮ್ಯಾನ್‌ಹೈಮ್ ಒಪ್ಪಂದದಿಂದ ಈ ನದಿಯಲ್ಲಿ ಸಂಚಾರ ಮುಕ್ತ. ಸ್ವಿಸ್ ವಿದೇಶಿ ವ್ಯಾಪಾರದ ಸುಮಾರು ಹತ್ತನೇ ಒಂದು ಪಾಲು ಬಾಸೆಲ್ ಸುತ್ತಲಿನ ಬಂದರುಗಳ ಮೂಲಕವೇ ನಡೆಯುತ್ತದೆ.

ಮಾಲು ಸಾಗಣೆಯ ವ್ಯವಸ್ಥೆ ಮಾಡುವ ಏಜೆಂಟ್ (ಫಾರ್ವರ್ಡರ್) ಕಳಿಸಿದ ಕೊಟೇಶನ್ನಿನ ಕೊನೆಯಲ್ಲಿ ಸಣ್ಣಕ್ಷರದ ಒಂದು ಸಾಲಿತ್ತು: 'ಲೋ ವಾಟರ್ ಸರ್‌ಚಾರ್ಜ್ ಪ್ರತ್ಯೇಕ.' ನದಿಯಲ್ಲಿ ನೀರು ಇಳಿದರೆ ಹೆಚ್ಚುವರಿ ಹಣ ಎಂದರ್ಥ. ಫೋನ್ ಮಾಡಿ, "ಏನ್ರಿ ಇದು?" ಎಂದೆ. "ಅದು ಇದ್ದೇ ಇರ್ತದ ಸರ, ಯಾರೂ ಕೇಳಂಗಿಲ್ಲ" ಎಂದರು. ನಾನು ಬಿಡಲಿಲ್ಲ.

ಜರ್ಮನಿಯ ಕೌಬ್ ಎಂಬ ಊರಿನ ಹತ್ತಿರ ರೈನ್‌ನ ಆಳ ತೀರಾ ಕಡಿಮೆ. ಅಲ್ಲಿನ ಅಳತೆ ಪಟ್ಟಿ ನೋಡಿಯೇ ಬಾರ್ಜಿಗೆ ಎಷ್ಟು ಭಾರ ಹೇರಬೇಕೆಂದು ತೀರ್ಮಾನಿಸುತ್ತಾರೆ. ಪಟ್ಟಿ ತೋರಿಸುವುದು ನೀರಿನ ಪೂರ್ತಿ ಆಳವಲ್ಲ. ಅದರಲ್ಲಿ 78 ಸೆಂ.ಮೀ. ಇದ್ದರೆ ನದಿಯಲ್ಲಿ ಬಾರ್ಜ್ ಹೋಗುವ ದಾರಿಯಲ್ಲಿ ಸುಮಾರು 1.9 ಮೀಟರ್ ನೀರಿರುತ್ತದೆ. 2018ರ ಅಕ್ಟೋಬರ್‌ನಲ್ಲಿ ಪಟ್ಟಿ 25 ಸೆಂ.ಮೀ.ಗೆ ಇಳಿದಿತ್ತು. 2022ರ ಆಗಸ್ಟ್‌ನಲ್ಲೂ ಹೆಚ್ಚುಕಡಿಮೆ ಅದೇ ಪಾಡು. ನೀರು ಇಳಿದಷ್ಟೂ ಬಾರ್ಜ್ ಕಡಿಮೆ ಮಾಲು ಹೊರುತ್ತದೆ, ಪ್ರತಿ ಕಂಟೇನರಿಗೆ ಸರ್‌ಚಾರ್ಜ್ ಏರುತ್ತದೆ. ತೀರಾ ಇಳಿದರೆ ಮಾಲು ಒಯ್ಯಲೇಬೇಕೆಂಬ ಬಾಧ್ಯತೆಯೂ ಬಾರ್ಜ್ ಕಂಪನಿಗೆ ಇರುವುದಿಲ್ಲ. ನಮ್ಮದೋ ಎರಕದ ಕಬ್ಬಿಣ, ಕಂಟೇನರ್ ಅರ್ಧ ತುಂಬುವಷ್ಟರಲ್ಲೇ ತೂಕದ ಮಿತಿ ಮುಟ್ಟುತ್ತದೆ.

ಕಾಲವೂ ನಮಗಿಂತ ಉಲ್ಟಾ. ಆಲಮಟ್ಟಿಯ ಗೇಟು ತೆಗೆಯುವ ಆಗಸ್ಟ್ ಹೊತ್ತಿಗೆ ಅಲ್ಲಿ ನೀರು ಇಳಿಯುತ್ತಿರುತ್ತದೆ. ಆಲ್ಪ್ಸ್‌ನ ಹಿಮ ಕರಗಿ ಮೇ, ಜೂನ್‌ನಲ್ಲಿ ನದಿ ಚೆನ್ನಾಗಿರುತ್ತದೆ. ಹಾಗಾಗಿ ದೊಡ್ಡ ಲಾಟನ್ನು ಆ ತಿಂಗಳುಗಳಲ್ಲಿ ರಾಟರ್‌ಡ್ಯಾಮ್ ಮುಟ್ಟುವಂತೆ ಇಟ್ಟುಕೊಂಡೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ಆಗ ಇಲ್ಲಿಂದ ಇನ್ನೂ ಬೇಗ ಕಳಿಸಬೇಕಾಯಿತು.

ರೈಲು ಇದೆಯಲ್ಲ ಅನ್ನಬಹುದು. ಇದೆ, ಆದರೆ ನದಿ ಬತ್ತಿದಾಗ ಎಲ್ಲರೂ ಅಲ್ಲಿಗೇ ಓಡುತ್ತಾರೆ. 2017ರಲ್ಲಿ ಜರ್ಮನಿಯ ರಾಸ್ಟಾಟ್‌ನಲ್ಲಿ ಸುರಂಗದ ಕೆಲಸದಿಂದ ಹಳಿ ಕುಸಿದು ಬಾಸೆಲ್ ಕಡೆಯ ರೈಲು ಮಾರ್ಗ ಏಳು ವಾರ ಬಂದ್ ಆಗಿತ್ತು. ಆಗ ಜನ ಬಾರ್ಜ್ ಕಡೆ ಓಡಿದ್ದರು.

ಸುಂಕದ ಮಾತು ಬೇಗ ಮುಗಿಯಿತು. ಸ್ವಿಟ್ಜರ್ಲೆಂಡ್ 2024ರ ಜನವರಿ 1ರಿಂದ ಕೈಗಾರಿಕಾ ವಸ್ತುಗಳ ಆಮದು ಸುಂಕ ತೆಗೆದುಹಾಕಿದೆ. ಅದು ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲವಾದ್ದರಿಂದ ರಾಟರ್‌ಡ್ಯಾಮ್‌ನಲ್ಲಿ ಮಾಲು ಟ್ರಾನ್ಸಿಟ್ (ಬರೀ ಹಾದುಹೋಗುವ ಮಾಲು) ಎಂದು ದಾಟಬೇಕು, ಅಷ್ಟೇ. ಬಂದರಿನಲ್ಲಿ ಕಾಯುವ ದಿನ ಜಾಸ್ತಿಯಾದರೆ ತುಕ್ಕಿನ ಭಯ. ಅದಕ್ಕೆ ತುಕ್ಕು ತಡೆಯುವ ವಿಸಿಐ ಚೀಲ ಹಾಕಿಸಿದೆ. ಮರದ ಪ್ಯಾಲೆಟ್‌ಗೆ ಕೀಟ ಸಾಯುವಂತೆ ಸಂಸ್ಕರಿಸಿದ (ಹೀಟ್ ಟ್ರೀಟ್‌ಮೆಂಟ್‌ನಂಥ) ಮುದ್ರೆ ಕಡ್ಡಾಯ.

ರೇಟನ್ನು ಎರಡು ತುಂಡು ಮಾಡಿದೆ. ರಾಟರ್‌ಡ್ಯಾಮ್ ತನಕ ಫಿಕ್ಸ್. ಅಲ್ಲಿಂದ ಮುಂದೆ ಬಾರ್ಜ್ ಬಾಡಿಗೆ, ಜೊತೆಗೆ ಬಾರ್ಜ್ ಕಂಪನಿಯ ಸರ್‌ಚಾರ್ಜ್ ಪಟ್ಟಿ. ಕೌಬ್‌ನಲ್ಲಿ ನೀರು ಇಳಿದರೆ ಆ ಪಟ್ಟಿಯ ಪ್ರಕಾರ ಗಿರಾಕಿಯೇ ಕೊಡಬೇಕು. ಮಾಲೀಕರು, "ಇಷ್ಟೆಲ್ಲ ಬರೆದರೆ ಆರ್ಡರ್ ಹೋಗ್ತದ ನೋಡ್ರಿ" ಎಂದು ಹೆದರಿಸಿದರು. ಗಿರಾಕಿ ಬೆಲೆಯಲ್ಲಿ ಬೇರೆ ಕಡೆ ಚೌಕಾಸಿ ಮಾಡಿದರು, ನೀರಿನ ಶರತ್ತಿಗೆ ಒಂದು ಮಾತೂ ಆಡದೆ ಸಹಿ ಹಾಕಿದರು.