ನಾಲ್ಕು ಕೋಟಿ ಅಂಕಿಯ ಸಂಖ್ಯೆಗೆ ಮಾಡಿದ ಪರೀಕ್ಷೆ, ನಿಮ್ಮ ನೋಟ್‌ಬುಕ್ಕಿನಲ್ಲಿ

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಒಂದು ಅವಿಭಾಜ್ಯ ಸಂಖ್ಯೆ ಕಂಡುಹಿಡಿದರು. ಅಲ್ಲಿವರೆಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡದು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಬರುವ ಸಂಖ್ಯೆ ಅದು. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಮೂರು ಸಾವಿರ ಅಂಕಿ ಅಚ್ಚು ಹಾಕಿದರೂ 13 ಸಾವಿರಕ್ಕೂ ಜಾಸ್ತಿ ಪುಟ ಬೇಕು.

ಇಷ್ಟು ದೊಡ್ಡದನ್ನು 3, 5, 7 ಅಂತ ಭಾಗಿಸುತ್ತಾ ಕೂತರೆ ಯಾವ ಕಂಪ್ಯೂಟರಿಗೂ ಮುಗಿಯುವುದಿಲ್ಲ. ಅದಕ್ಕೆ ಲೂಕಾ–ಲೆಹ್ಮರ್ ಪರೀಕ್ಷೆ ಇದೆ: ಹೀಗೆ 2ರ ಘಾತದಿಂದ 1 ಕಳೆದು ಬರುವ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಅದು ಹೇಳುತ್ತದೆ. ಸಂತೋಷದ ವಿಷಯ ಏನೆಂದರೆ, ವರ್ಗ ಮಾಡಿ ಶೇಷ ತೆಗೆಯಲು ಬರುವ ಹೈಸ್ಕೂಲ್ ಮಕ್ಕಳೂ ಇದೇ ಪರೀಕ್ಷೆಯನ್ನು ಸಣ್ಣ ಸಂಖ್ಯೆಗೆ ಮಾಡಬಹುದು, ಮೈಸೂರಿನಲ್ಲಿ ರೈಲು ಹತ್ತಿದರೆ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಮೊದಲ ಲೆಕ್ಕ ಮುಗಿದಿರುತ್ತದೆ.

ಮೊದಲು 2ರ ಮೇಲೆ ಹಾಕುವ ಘಾತ ಆರಿಸಿ. ಅದೂ ಅವಿಭಾಜ್ಯವೇ ಆಗಿರಬೇಕು, 2 ಮಾತ್ರ ಬೇಡ. 9 ತಗೊಂಡರೆ ಸುಮ್ನೆ ಶ್ರಮ: 2⁹ − 1 ಅಂದರೆ 511, ಅದು 7 × 73. ನಾವು 7 ತಗೊಳ್ಳೋಣ. 2⁷ − 1 = 127.

ಈಗ 4 ಬರೆದುಕೊಳ್ಳಿ. ಯಾವಾಗಲೂ 4ರಿಂದಲೇ ಶುರು. ಅದರ ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ಅದಕ್ಕೆ ಅದೇ. ಎಷ್ಟು ಸಲ? ಘಾತಕ್ಕಿಂತ ಎರಡು ಕಡಿಮೆ, ಅಂದರೆ ಇಲ್ಲಿ ಐದು ಸಲ.

4ರಿಂದ 14. 14ರಿಂದ 194, ಶೇಷ 67. 67ರ ವರ್ಗ 4489, ಎರಡು ಕಳೆದರೆ 4487. ಮೊಬೈಲಿನಲ್ಲಿ ಭಾಗಿಸಿದರೆ 35.33 ಅಂತ ಬರುತ್ತದೆ; ಶೇಷ ಬೇಕಾದರೆ ಚುಕ್ಕಿಯ ನಂತರದ್ದು ಬಿಟ್ಟು 35 × 127 = 4445 ಮಾಡಿ 4487ರಲ್ಲಿ ಕಳೆಯಿರಿ, 42 ಉಳಿಯುತ್ತದೆ. 42ರಿಂದ 1762, ಶೇಷ 111. ಕೊನೆಯದು 111: ವರ್ಗ 12321, ಎರಡು ಕಳೆದರೆ 12319. ಇದು ಸರಿಯಾಗಿ 97 × 127. ಶೇಷ ಸೊನ್ನೆ!

ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇದು ಅಂದಾಜಲ್ಲ, ಪೂರ್ತಿ ಸಾಬೀತು.

ಸೊನ್ನೆ ಬರದಿರುವುದನ್ನೂ ನೋಡಲೇಬೇಕು ಅಲ್ವಾ? ಮಂಡ್ಯ ಬರುವ ಮುಂಚೆ 11 ಹಾಕಿ ನೋಡಿ. ಸಂಖ್ಯೆ 2047, ಒಂಬತ್ತು ಸಲ: 14, 194, 788, 701, 119, 1877, 240, 282, 1736. ಸೊನ್ನೆ ಇಲ್ಲ. ನಿಜಕ್ಕೂ 2047 ಅಂದರೆ 23 × 89. ಆದರೆ 23 ಆಗಲಿ 89 ಆಗಲಿ ನಮ್ಮ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ! ಯಾವುದರಿಂದ ಭಾಗವಾಗುತ್ತದೆ ಅಂತ ಹೇಳದೆಯೇ ಭಾಗವಾಗುತ್ತದೆ ಅಂತ ಖಚಿತ ಮಾಡುತ್ತದೆ, ಈ ಪರೀಕ್ಷೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಕಂಪ್ಯೂಟರ್ ಇಲ್ಲದ ಕಾಲದಲ್ಲೇ, 1876ರಲ್ಲಿ, ಫ್ರಾನ್ಸಿನ ಎಡ್ವರ್ಡ್ ಲೂಕಾ 39 ಅಂಕಿಯ 2¹²⁷ − 1 ಅವಿಭಾಜ್ಯ ಎಂದು ತೋರಿಸಿದ್ದರು. ಡ್ಯುರಾಂಟ್ ಅವರ ಸಂಖ್ಯೆಗೆ ಇದೇ ವರ್ಗ, ಇದೇ ಶೇಷ, 13,62,79,839 ಸಲ. ಅದರ ಕೊನೆಯ ಅಂಕಿ ಮಾತ್ರ ನೀವೇ ಹೇಳಬಹುದು. 2ರ ಘಾತಗಳು 2, 4, 8, 6 ಎಂಬ ಅಂಕಿಗಳಲ್ಲೇ ಸುತ್ತುತ್ತವೆ. ಆ ಘಾತವನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಕೊನೆಗೆ 2, ಒಂದು ಕಳೆದರೆ 1.

ಮುಂದಿನ ಲೆಕ್ಕಕ್ಕೆ 13 ತಗೊಳ್ಳಿ. ಸಂಖ್ಯೆ 8191, ಹನ್ನೊಂದು ಸಲ ಮಾಡಬೇಕು, ಕೊನೆಗೆ ಸೊನ್ನೆ ಬರಬೇಕು.